ಫೈಬರ್ ಹಲಗೆ

ನನ್ನ ಗಂಟಲು ಕೆಟ್ಟಿದ್ದು ಮೆಕ್ಕೆಜೋಳದ ಧೂಳಿನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಜಗಳೂರಿನಲ್ಲಿ ಈಗ ನನ್ನ ದನಿಯ ಬಗ್ಗೆ ಬಾಯಿಗೆ ಬಂದಂತೆ ಮಾತಾಡುತ್ತಾರೆ. ಗಂಡುಬೀರಿ ಅನ್ನುತ್ತಾರೆ, ಕುಡಿಯುತ್ತಾಳೆ ಅನ್ನುತ್ತಾರೆ, ಮೈಮೇಲೆ ದೇವರು ಬರುತ್ತದೆ ಅನ್ನುವವರೂ ಇದ್ದಾರೆ. ಯಾವ ದೇವರೂ ಬರುವುದಿಲ್ಲ. ಬೆಳಿಗ್ಗೆಯಿಂದ ಸಂಜೆಯ ತನಕ ಧೂಳು ಕುಡಿದರೆ ಯಾರ ದನಿಯಾದರೂ ಹೀಗೇ ಆಗುತ್ತದೆ.

ನನ್ನ ಹೆಸರು ಅರ್ಪಿತಾ. ಬಿಎ ಪಾಸಾಗಿದ್ದೇನೆ. ಊರ ಹೊರಗಿನ ಸಾವ್ಕಾರನ ಗೋಡೌನಿನಲ್ಲಿ ಗುಡಿಸುವ ಕೆಲಸ ಮಾಡುತ್ತಿದ್ದೆ. ಚೀಲದಿಂದ ಚೆಲ್ಲಿದ ಕಾಳನ್ನು ಗುಡಿಸಿ, ಜರಡಿ ಹಿಡಿದು, ಕಲ್ಲು ಆರಿಸಿ, ಮತ್ತೆ ಚೀಲಕ್ಕೆ ತುಂಬಬೇಕು. ಅವ್ವ ಕೊಲ್ಲಾಪುರಮ್ಮನದೂ ಅದೇ ಕೆಲಸ. ಅಣ್ಣ ಪರಶುರಾಮ್ ಹಮಾಲಿ. ಸೊಂಟಕ್ಕೆ ಕಬ್ಬಿಣದ ಕೊಕ್ಕೆ ಸಿಕ್ಕಿಸಿಕೊಂಡು, ಬೆನ್ನ ಮೇಲೆ ಚೀಲ ಹೊತ್ತು ಚೀಲ ಪೇರಿಸಿದ ನಿಟ್ಟಿನ ತುದಿಗೆ ಹತ್ತುತ್ತಾನೆ. ಮೊದಲು ಅಪ್ಪ ಹತ್ತುತ್ತಿದ್ದ. ಒಂದು ದಿನ ನಿಟ್ಟು ಕುಸಿದು ಅಪ್ಪನ ಸೊಂಟ ಮುರಿಯಿತು. ಅಪ್ಪನ ಜಾಗಕ್ಕೆ ಅಣ್ಣ ಬಂದ. ಸಾವ್ಕಾರ ಇದನ್ನು ಉಪಕಾರ ಅನ್ನುತ್ತಾನೆ.

ಹುಳ ಬೀಳದಿರಲೆಂದು ಚೀಲಗಳ ನಡುವೆ ಮಾತ್ರೆ ಇಟ್ಟು ಟಾರ್ಪಾಲು ಹೊದಿಸುತ್ತಾರೆ. ಅದರ ಗಾಳಿ ವಿಷ. ಟಾರ್ಪಾಲು ತೆಗೆಯುವ ದಿನ ಸೂಪರ್‌ವೈಸರ್ ಮಾರುತೇಶ್ ರಸ್ತೆಗೆ ಹೋಗಿ ಬೇವಿನ ಮರದ ಕೆಳಗೆ ನಿಲ್ಲುತ್ತಾನೆ. ಒಳಗೆ ನಾವು ಹೋಗುತ್ತೇವೆ. ಅವನು ಅಲ್ಲಿಂದಲೇ ಕೂಗುತ್ತಾನೆ. "ಏಯ್, ಎಳಿ. ಏಯ್, ಆ ಕಡೆ ಹಿಡಿ." ದಿನಾ ಹಾಜರಿ ಹಾಕುವವನು ಅವನೇ, ನಮ್ಮೆಲ್ಲರ ಹೆಸರು ಅವನಿಗೆ ಬಾಯಿಪಾಠ. ಆದರೂ ಕರೆಯುವುದು ಏಯ್ ಅಂತಲೇ. ಹೆಂಗಸರಿಗೆ ಪಾಯಿಖಾನೆ ಇಲ್ಲ. ನಿಂತ ಲಾರಿಯ ಹಿಂದೆ ಹೋಗಬೇಕು. ಲಾರಿ ಬಾರದ ದಿನ ತಡೆದುಕೊಂಡಿರಬೇಕು.

ಸಂಜೆ ಗೇಟಿನಲ್ಲಿ ನಮ್ಮನ್ನು ಎಗರಿಸುತ್ತಾರೆ. ಸೆರಗಿನಲ್ಲಿ, ಕುಪ್ಪಸದಲ್ಲಿ, ತುರುಬಿನಲ್ಲಿ ಕಾಳು ಕದ್ದೊಯ್ಯುತ್ತೇವಂತೆ. ಹೆಂಗಸರ ಮೈ ಮುಟ್ಟಿ ಹುಡುಕಿದರೆ ಕೇಸಾಗುತ್ತದೆ ಎಂದು ಯಾರೋ ಬುದ್ಧಿವಂತರು ಸಾವ್ಕಾರನಿಗೆ ಹೇಳಿಕೊಟ್ಟಿದ್ದಾರೆ. ಹಾಗಾಗಿ ಮಾರುತೇಶ್ ಮುಟ್ಟುವುದಿಲ್ಲ. "ಏಯ್, ಎಗರು" ಅನ್ನುತ್ತಾನೆ. ಸಿಮೆಂಟಿನ ನೆಲದ ಮೇಲೆ ನಾವು ಎಗರಬೇಕು. ಕಾಳು ಉದುರಿದರೆ ಕಳ್ಳಿ. ಅವ್ವನ ಮಂಡಿ ಊದಿಕೊಂಡಿದೆ. ಒಂದು ಕೈಯಲ್ಲಿ ಗೇಟು ಹಿಡಿದುಕೊಂಡು ಎಗರುತ್ತಾಳೆ. ನಾನು ಕಾಲೇಜಿಗೆ ಹೋಗುವಷ್ಟು ದಿನವೂ ಅವ್ವ ಇದನ್ನು ನನಗೆ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ಸಂಜೆ ಕಣ್ಣಾರೆ ಕಂಡೆ. ಅವ್ವ ನನ್ನ ಮುಖ ನೋಡಲಿಲ್ಲ, ನಾನೂ ಅವಳ ಮುಖ ನೋಡಲಿಲ್ಲ. ಆಮೇಲೆ ನನ್ನ ಸರದಿ ಬಂತು. ಎಗರಿದೆ. ವೇಲು ಜಾರಿ ಬಿತ್ತು. ಲಾರಿಯ ಕ್ಲೀನರ್ ನಕ್ಕ.

ಕೊಟ್ರೇಶ್ ಬಂದದ್ದು ಆ ವರ್ಷದ ಸುಗ್ಗಿಯಲ್ಲಿ. ಹೊನ್ನಾಳಿ ಕಡೆಯ ಸಾಸ್ವೆಹಳ್ಳಿಯವನು, ನಮ್ಮ ಜನವೇ. ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದನಂತೆ. ಡಿಜೆ ಬಂತು, ಆರ್ಕೆಸ್ಟ್ರಾ ಮುಚ್ಚಿತು. ಹೊನ್ನಾಳಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತ. ಚನ್ನಗಿರಿಯಲ್ಲಿ ಅಡಿಕೆ ಬೇಯಿಸುವ ಒಲೆಗೆ ಸೌದೆ ಹಾಕಿದ. ನ್ಯಾಮತಿಯಲ್ಲಿ ಇಟ್ಟಿಗೆ ಹೊತ್ತ. ಮೆಕ್ಕೆಜೋಳದ ಕಾಲಕ್ಕೆ ನಮ್ಮಲ್ಲಿಗೆ ಬಂದು ನಮ್ಮ ಕೇರಿಯಲ್ಲೇ ಉಳಿದುಕೊಂಡ. "ತಾಲ್ಲೂಕು ಬದ್ಲಾಗ್ತಾವೆ, ಬೆನ್ನು ಅದೇ" ಅನ್ನುತ್ತಿದ್ದ. ಅವನ ಆಸ್ತಿ ಎಂದರೆ ಒಂದು ಹಳೇ ಗಿಟಾರು ಮತ್ತು ಚಾರ್ಜ್ ಮಾಡುವ ಸ್ಪೀಕರು.

ಒಂದು ದಿನ ಊಟದ ಹೊತ್ತಿನಲ್ಲಿ ಅವನು ಫೋನಿನಲ್ಲಿ ವಿಡಿಯೊ ತೋರಿಸಿದ. ಬಿಳಿಚಿಕೊಂಡ ನಾಲ್ಕು ಹುಡುಗರು. ಹರಿದ ಅಂಗಿಗೆ ಪಿನ್ನು ಚುಚ್ಚಿಕೊಂಡಿದ್ದಾರೆ. ಕುತ್ತಿಗೆಯ ನರ ಉಬ್ಬಿಸಿಕೊಂಡು ಕಿರುಚುತ್ತಿದ್ದಾರೆ.

"ಇದೇನಪ್ಪ, ಜಗಳ ಆಡ್ತಾ ಅದಾರಾ?" ಅಂದಳು ಅವ್ವ.

"ಹಾಡ್ತಾ ಅದಾರೆ ಅತ್ತೆ. ಪಂಕ್ ಅಂತಾರೆ ಇದಕ್ಕೆ. ಇಂಗ್ಲೆಂಡಿನ ಬಡವ್ರ ಹುಡುಗ್ರು. ಸರಿಯಾಗಿ ಹಾಡಾಕೂ ಬರಲ್ಲ, ಬಾರ್ಸಾಕೂ ಬರಲ್ಲ."

"ಮತ್ಯಾಕೆ ಹಾಡ್ತಾರೆ?"

"ಸಿಟ್ಟಿಗೆ. ಅಪ್ಪ ಮಾಡಿದ ಕೂಲಿನೇ ಮಗ ಮಾಡ್ಬೇಕು, ಸಾಯೋ ತನಕ ಅದೇ ಫ್ಯಾಕ್ಟ್ರಿ. ಆ ಫ್ಯಾಕ್ಟ್ರಿನೂ ಬಾಗ್ಲು ಹಾಕಿದ್ರೆ ಬೀದಿ. ಆ ಸಿಟ್ಟಿಗೆ."

ಅವ್ವ ವಿಡಿಯೊದಲ್ಲಿ ವೇದಿಕೆಯ ಕೆಳಗೆ ನಿಂತು ಎಗರುತ್ತಿದ್ದ ಜನರನ್ನೇ ನೋಡುತ್ತಿದ್ದಳು. "ಇವ್ರು ಯಾಕಪ್ಪ ಎಗರ್ತಾರೆ? ಇವ್ರನ್ನೂ ಗೇಟ್‌ನಾಗೆ ಹುಡುಕ್ತಾರಾ?"

ನಾವು ಬಿದ್ದು ಬಿದ್ದು ನಕ್ಕೆವು. ಅವ್ವ ನಗಲಿಲ್ಲ, ಅವಳು ನಿಜವಾಗಿಯೂ ಕೇಳಿದ್ದಳು. ಅವತ್ತು ಸಂಜೆ ಗೇಟಿನಲ್ಲಿ ಎಗರುವಾಗ ನನಗೆ ಆ ಜನ ಕಣ್ಣಮುಂದೆ ಬಂದರು. ಅವರು ತಾವೇ ಬೇಕೆಂದು ಎಗರುತ್ತಿದ್ದರು. ನನಗೆ ಹೊಟ್ಟೆ ಉರಿಯಿತು. ಮನೆಗೆ ಬಂದವಳೇ ಕೈಕಾಲು ಕೂಡ ತೊಳೆಯದೆ ಕೂತು ಒಂದು ಹಾಡು ಕಟ್ಟಿದೆ.

ಏಯ್ ಎತ್ತು, ಏಯ್ ಹೊರು
ಏಯ್ ಗುಡಿಸು, ಏಯ್ ಎಗರು
ಇವತ್ತೇನು? ಚೀಲ
ನಾಳೆ ಏನು? ಚೀಲ
ನಾಡಿದ್ದೇನು? ಚೀಲ
ಆಮೇಲೇನು? ಚೀಲದಾಗೆ ನಾನು

ರಾಗ ಇಲ್ಲ. ನನಗೆ ರಾಗ ಬರುವುದೂ ಇಲ್ಲ. ಕೊಟ್ರೇಶ್ ಕೇಳಿ, "ಇದೇ, ಇದೇ. ಇನ್ನೂ ಕೆಟ್ಟದಾಗಿ ಹಾಡು" ಅಂದ. ನನ್ನ ಜೀವಮಾನದಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಭಾನುವಾರ ಮಧ್ಯಾಹ್ನ ಅಂಗನವಾಡಿಯ ಹಿಂದೆ ಸೇರತೊಡಗಿದೆವು. ನಾನು ಕಿರುಚುವುದು, ಅವನು ಗಿಟಾರ್ ಕೆರೆಯುವುದು, ಅಣ್ಣ ನೀರಿನ ನೀಲಿ ಡ್ರಮ್ಮಿಗೆ ಕೋಲಿನಿಂದ ಹೊಡೆಯುವುದು. ನಮ್ಮ ಬ್ಯಾಂಡಿಗೆ ಏಯ್ ಎಂದೇ ಹೆಸರಿಟ್ಟೆವು.

ಆದರೆ ನೀಲಿ ಡ್ರಮ್ಮು ಸೋಲುತ್ತಿತ್ತು. ಎಷ್ಟು ಹೊಡೆದರೂ ಬಕೆಟಿನ ಸದ್ದು. ಅಣ್ಣ ಒಂದು ವಾರ ಅದೇ ಯೋಚನೆಯಲ್ಲಿ ಓಡಾಡಿದ. ಆಮೇಲೆ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಕಬ್ಬಿಣದ ಬಳೆ ಮಾಡಿಸಿಕೊಂಡು ಬಂದ. ದಾವಣಗೆರೆಗೆ ಹೋಗಿ ಬಿಳಿ ಫೈಬರ್ ಹಾಳೆ ತಂದ. ಬಳೆಗೆ ಹಾಳೆ ಬಿಗಿದು, ಹಗ್ಗ ಕಟ್ಟಿ ಹೆಗಲಿಗೆ ಹಾಕಿ, ಎಡಗೈಯಲ್ಲಿ ಸಣ್ಣ ಕಡ್ಡಿ, ಬಲಗೈಯಲ್ಲಿ ದಪ್ಪ ಕೋಲು ಹಿಡಿದ. ಒಂದು ಏಟು ಹಾಕಿದ. ಕೇರಿಯ ನಾಯಿಗಳೆಲ್ಲ ಎದ್ದವು. ಅವನಿಗೆ ಯಾರೂ ಕಲಿಸಿರಲಿಲ್ಲ.

ಅಪ್ಪ ಗೋಡೆ ಹಿಡಿದುಕೊಂಡು ಹೊರಗೆ ಬಂದ.

ಇಲ್ಲಿ ಒಂದು ವಿಷಯ ಹೇಳಬೇಕು. ಮೊದಲು ಊರಿನಲ್ಲಿ ಯಾರೇ ಸತ್ತರೂ ನಮ್ಮ ಕೇರಿಯವರು ಹೋಗಿ ಹೆಣದ ಮುಂದೆ ಹಲಗೆ ಬಾರಿಸಬೇಕಿತ್ತು. ಸುಡುಗಾಡು ಮುಟ್ಟುವ ತನಕ ಬಾರಿಸಬೇಕು, ಆಮೇಲೆ ಹಿತ್ತಿಲಲ್ಲಿ ಕೂತು ಉಣ್ಣಬೇಕು. ನಮ್ಮ ಮನೆಯಲ್ಲೇ ಸಾವಾಗಿದ್ದರೂ ಮೊದಲು ಅವರ ಹೆಣ. ನನ್ನ ಅಜ್ಜ ಈ ಸೀಮೆಗೆಲ್ಲ ಹೆಸರಾದ ಹಲಗೆಯವನು. ಅಪ್ಪ ಚಿತ್ತಪ್ಪ ಹರೆಯದಲ್ಲಿ ದಲಿತ ಸಂಘದವರ ಜೊತೆ ಸೇರಿ ಕೇರಿಯ ಹಲಗೆಗಳನ್ನೆಲ್ಲ ಒಟ್ಟಿ ಬಸ್‌ಸ್ಟ್ಯಾಂಡಿನ ಎದುರು ಬೆಂಕಿ ಇಟ್ಟ. ಊರಿನವರು ನಮಗೆ ಉಪ್ಪು, ಸೀಮೆಎಣ್ಣೆ ಕೊಡುವುದನ್ನು ನಿಲ್ಲಿಸಿದರು. ಅಪ್ಪನ ಮುಂದಿನ ಹಲ್ಲು ಮುರಿದರು. ಆದರೆ ಅವತ್ತಿನಿಂದ ನಮ್ಮವರು ಯಾರೂ ಹೆಣದ ಮುಂದೆ ನಡೆದಿಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರ, ಬಾಬಾಸಾಹೇಬರ ಚಿತ್ರ ಬಂದದ್ದೂ ಆಗಲೇ.

"ಏನೋ ಅದು ಹೆಗಲಾಗೆ?" ಅಪ್ಪ ಕೇಳಿದ.

"ಡ್ರಮ್ಮು."

"ನನ್ನ ಕಣ್ಣು ಹೋಗಿಲ್ಲ. ಹಲಗೆ ಅದು."

"ಚರ್ಮ ಅಲ್ಲಪ್ಪ, ಫೈಬರ್. ಹೆಣಕ್ಕೆ ಬಾರ್ಸಾಕೆ ಅಲ್ಲ. ಹಾಡಿಗೆ."

"ಬಾರ್ಸೋನಿಗೆ ಫೈಬರ್. ಕರಿಯೋನಿಗೆ ಹಲಗೇನೇ."

"ಈಗ ಯಾರು ಕರೀತಾರಪ್ಪ? ಕಾಲ ಎಲ್ಲೈತೆ, ನೀನೆಲ್ಲಿದೀಯ?"

ಅಪ್ಪ ಒಳಗೆ ಹೋದ. ನಾನು ಅಣ್ಣನ ಪರ ವಹಿಸಿದೆ. ಮುದುಕರಿಗೆ ಎಲ್ಲದರಲ್ಲೂ ಹಳೆಯದೇ ಕಾಣುತ್ತದೆ ಎಂದೆ. ನಾವು ಪಂಕ್ ಬಾರಿಸಿದರೆ ಊರು ಪಂಕನ್ನೇ ಕೇಳುತ್ತದೆ ಎಂದು ನಂಬಿದ್ದೆ.

ಏಪ್ರಿಲ್‌ನಲ್ಲಿ ಬಾಬಾಸಾಹೇಬರ ಜಯಂತಿಯ ದಿನ ಸಂಜೆ ಕೇರಿಯಲ್ಲೇ ನಮ್ಮ ಬ್ಯಾಂಡು ವೇದಿಕೆ ಹತ್ತಿತು. ಬಾಡಿಗೆಯ ಮೈಕಿತ್ತು. ಅಣ್ಣ ಒಬ್ಬನೇ ಮೊದಲು ಬಾರಿಸಿದ. ಆಮೇಲೆ ಗಿಟಾರು. ಆಮೇಲೆ ನಾನು "ಏಯ್" ಅಂದೆ. ಮುದುಕಿಯರು ಕಿವಿ ಮುಚ್ಚಿಕೊಂಡರು. ಹುಡುಗರು ನಕ್ಕರು. "ಏಯ್ ಎಗರು" ಅನ್ನುವ ಸಾಲು ಬಂತು ನೋಡಿ, ಗೋಡೌನಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಧ್ಯಾರಾಣಿ ಅನ್ನುವ ನಮ್ಮ ಜೊತೆಯವಳು ಮೊದಲು ಎಗರಿದಳು. ಆಮೇಲೆ ಎಲ್ಲರೂ. ಸೀರೆ ಎತ್ತಿ ಸಿಕ್ಕಿಸಿಕೊಂಡು, ಕೈ ಮೇಲೆ ಮಾಡಿ, ಬಾಯಿಗೆ ಬಂದದ್ದು ಬೈಯುತ್ತ ಎಗರಿದರು. ಯಾರೋ ಒಬ್ಬಳು ಸೆರಗು ಝಾಡಿಸಿ, "ನೋಡೋ ಮಾರುತೇಸ, ಏನೈತೆ ನೋಡೋ" ಅಂತ ಕೂಗಿದಳು. ಅವ್ವನೂ ಎಗರಿದಳು, ಊದಿದ ಮಂಡಿಯಲ್ಲಿ, ಯಾವ ಗೇಟನ್ನೂ ಹಿಡಿಯದೆ. ಅಷ್ಟು ಸಂತೋಷ ನಾನು ಮೊದಲು ಪಟ್ಟಿಲ್ಲ.

ಯಾರೋ ವಿಡಿಯೊ ಮಾಡಿದರು. ಅದರಲ್ಲಿ ಮೊದಲಿನ ಅರ್ಧ ನಿಮಿಷ ಮಾತ್ರ ಸ್ಟೇಟಸ್‌ಗೆ ಬಿತ್ತು. ಅಣ್ಣ ಒಬ್ಬನೇ ಬಾರಿಸುತ್ತಿರುವ ತುಂಡು. ನನ್ನ ದನಿ ಅದರಲ್ಲಿ ಇರಲಿಲ್ಲ. ಊರೆಲ್ಲ ಓಡಾಡಿದ್ದು ಅದೇ.

ಒಂದು ವಾರ ಬಿಟ್ಟು ಸಾವ್ಕಾರ ಗೋಡೌನಿಗೆ ಬಂದಾಗ ಅಣ್ಣನನ್ನು ಕರೆದ. ಕೆಲಸ ಹೋಯಿತು ಅಂದುಕೊಂಡೆ. ಸಾವ್ಕಾರ ಕಾರಿನಿಂದ ಇಳಿಯದೆಯೇ ನಕ್ಕ. "ವಿಡಿಯೊ ನೋಡ್ದೆ ಕಣೋ. ಕೈ ಚೆನ್ನಾಗೈತೆ. ನಿಮ್ಮಜ್ಜನ ಕೈನೇ ಬಂದೈತೆ ನಿಂಗೆ" ಅಂದ. ಅಣ್ಣನ ಮುಖ ಅರಳಿತು. ರಾತ್ರಿ ಊಟಕ್ಕೆ ಕೂತಾಗ ಅದನ್ನು ಹೇಳಿದ. ಅಪ್ಪ ಅರ್ಧಕ್ಕೇ ಕೈ ತೊಳೆದು ಎದ್ದ.

ಆಮೇಲೆ ಸಾವ್ಕಾರನ ತಾಯಿ ಉಚ್ಚಂಗೆಮ್ಮ ತೀರಿಕೊಂಡಳು. ವಯಸ್ಸಾಗಿತ್ತು. ಬೆಳಿಗ್ಗೆ ನಾವು ಕೆಲಸಕ್ಕೆ ಹೋದಾಗ ಮಾರುತೇಶ್ ಗೋಡೌನಿಗೆ ಬೀಗ ಹಾಕಿಸುತ್ತಿದ್ದ.

"ಎಲ್ರೂ ಸಾವ್ಕಾರ್ರ ಮನೆ ಹತ್ರ ನಡೀರಿ. ಏಯ್ ಪರಶ್ಯಾ, ನೀನು ಮನೆಗೆ ಹೋಗಿ ಹಲಗೆ ತಗಂಡು ಬಾ."

"ಹಲಗೆ ಯಾಕೆ?" ಅಂದೆ ನಾನು.

"ಯಾಕೆ ಅಂದ್ರೆ? ಹೆಣದ ಮುಂದೆ ಬಾರ್ಸಾಕೆ. ಇಷ್ಟು ವರ್ಷ ನಿಮ್ಮೋರು ಬಿಟ್ಬಿಟ್ಟಿದ್ರು. ಈಗ ಮತ್ತೆ ಶುರು ಮಾಡೀರಲ್ಲ, ಒಳ್ಳೇದಾತು ಅಂತ ಸಾವ್ಕಾರ್ರು ಬಾಳ ಖುಷಿ ಪಟ್ರು."

ಅವನ ಮಾತಿನಲ್ಲಿ ಕುಹಕ ಇರಲಿಲ್ಲ, ನಮ್ಮನ್ನು ಹೊಗಳುತ್ತಿದ್ದ. ಅಪ್ಪ ಹಲ್ಲು ಕೊಟ್ಟು ನಿಲ್ಲಿಸಿದ್ದನ್ನು ನಾವು ಮೈಕು ಹಚ್ಚಿ ಮತ್ತೆ ಕರೆದಿದ್ದೆವು. ಊರಿನ ಕಿವಿಗೆ ಬಿದ್ದದ್ದು ಅಷ್ಟೇ.

ಅಣ್ಣ ಮನೆಯ ಕಡೆ ನಡೆದ. ನಾನೂ ಕೊಟ್ರೇಶನೂ ಅವನ ಹಿಂದೆ ಓಡಿದೆವು.

"ಅಣ್ಣ, ಬಾರಿಸ್ತೀಯಾ ನೀನು?"

"ಒಂದಿನ ಕಣೇ. ಬಾರ್ಸಿ ಬಂದ್ಬಿಡ್ತೀನಿ. ನನ್ನ ಮೇಸ್ತ್ರಿ ಮಾಡ್ತೀನಿ ಅಂದಾರೆ ಸಾವ್ಕಾರ್ರು. ಮೇಸ್ತ್ರಿ ಚೀಲ ಹೊರಂಗಿಲ್ಲ, ನಿಂತು ಲೆಕ್ಕ ಹೇಳಿದ್ರೆ ಸಾಕು. ಚೈತ್ರ ಏಳು ತಿಂಗ್ಳ ಬಸ್ರಿ. ನನ್ನ ಬೆನ್ನು ನೋಡೀಯಾ ನೀನು?"

ನೋಡಿದ್ದೆ. ಅತ್ತಿಗೆ ಚೈತ್ರಶ್ರೀ ದಿನಾ ಬಿಸಿನೀರಿನ ಬಟ್ಟೆ ಇಡುತ್ತಿದ್ದಳು. ಎಡ ಹೆಗಲು ಬಲಕ್ಕಿಂತ ಕೆಳಗಿಳಿದಿತ್ತು.

"ಅಪ್ಪಂಗೆ ಏನಂತೀಯ?"

"ಡ್ರಮ್ ಬಾರ್ಸಿದೆ ಅಂತೀನಿ."

ಸಾವ್ಕಾರನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿ ಹಾರ ಹಾಕಿದ್ದರು. ಪಕ್ಕದಲ್ಲಿ ಹೆಣ ಒಯ್ಯಲು ಹೂವಿನ ವಿಮಾನ ಕಟ್ಟುತ್ತಿದ್ದರು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಊರ ದೊಡ್ಡವರು ಕೂತಿದ್ದರು. ನಮ್ಮ ಕೇರಿಯವರು ಚರಂಡಿಯ ಈಚೆಗೆ ನಿಂತಿದ್ದರು. ಅವ್ವ ಆಗಲೇ ಅಂಗಳ ಗುಡಿಸುತ್ತಿದ್ದಳು, ಯಾರು ಹೇಳಿದ್ದರೋ. ಅಣ್ಣ ಹಲಗೆ ಹೆಗಲಿಗೆ ಹಾಕಿಕೊಂಡು ಚರಂಡಿಯ ಹತ್ತಿರ ನಿಂತ.

ಸಾವ್ಕಾರ ಎದ್ದು ಬಂದ. ಅತ್ತು ಕಣ್ಣು ಕೆಂಪಾಗಿದ್ದವು. "ಬಂದ್ಯಾ? ಚೆನ್ನಾಗಿ ಬಾರ್ಸಪ್ಪ. ನಮ್ಮಪ್ಪ ಹೋದಾಗ ನಿಮ್ಮಜ್ಜನೇ ಬಾರ್ಸಿದ್ದ. ನಮ್ಮವ್ವ ಅದನ್ನ ಯಾವಾಗ್ಲೂ ನೆನಿಸ್ತಿದ್ಲು" ಅಂದ.

ಕೊಟ್ರೇಶ್ ಧೈರ್ಯ ಮಾಡಿ ಮುಂದೆ ಬಂದ. "ಸಾವ್ಕಾರ್ರೇ, ತಪ್ಪು ತಿಳ್ಕಬ್ಯಾಡ್ರಿ. ನಮ್ದು ಆ ಥರದ್ದಲ್ರಿ. ನಮ್ದು ಪಂಕ್."

"ಪಂಕ್ತಿ ಆಮೇಲಪ್ಪ. ನಿಮ್ದು ಹಿತ್ತಲಾಗೆ ಬೇರೆ ಹಾಕ್ಸಿರ್ತೀನಿ, ಹೊಟ್ಟೆ ತುಂಬಾ ಉಣ್ಣೋರಂತೆ. ಮೊದ್ಲು ಬಾರಿಸ್ರಿ."

ಯಾರೂ ನಗಲಿಲ್ಲ. ಅದರಲ್ಲಿ ತಮಾಷೆ ಇದೆ ಎಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ, ನಮಗೆ ಮೂವರಿಗೆ ಬಿಟ್ಟು.

ಅಣ್ಣನ ಕೈ ಏಳಲಿಲ್ಲ. ಕೋಲು ಹಿಡಿದುಕೊಂಡೇ ನಿಂತ. ಬೇಡ ಅನ್ನಲೂ ಇಲ್ಲ, ಬಾರಿಸಲೂ ಇಲ್ಲ. ಮಾರುತೇಶ್, "ಏಯ್, ಹೊಡಿಯೋ" ಅಂದ. ಆಗ ನಮ್ಮ ಹಮಾಲರಲ್ಲಿ ಹಿರಿಯನಾದ ಹನುಮಂತಪ್ಪ ಕೈ ಚಾಚಿದ. ಅಪ್ಪನ ಜೊತೆ ನಿಂತು ಹಲಗೆ ಸುಟ್ಟವರಲ್ಲಿ ಅವನೂ ಒಬ್ಬ.

"ಕೊಡಪ್ಪ ಇತ್ತ. ನಾನು ಬಾರಿಸ್ತೀನಿ. ಎಲ್ರ ಹೊಟ್ಟೆ ಮೇಲೆ ಬರೆ ಬ್ಯಾಡ."

ಅಣ್ಣ ಹಗ್ಗವನ್ನು ಹೆಗಲಿನಿಂದ ತೆಗೆದು ಕೊಟ್ಟ. ಹನುಮಂತಪ್ಪ ಒಂದು ಏಟು ಹಾಕಿದ. ತಪ್ಪು ಏಟು. ಎರಡನೆಯದು ಸರಿ ಬಿತ್ತು. ಮೂರನೆಯದಕ್ಕೆ ಕೈಗೆ ಎಲ್ಲ ನೆನಪಾಯಿತು. ನಮ್ಮ ಹಾಡಿನ ಹಲಗೆ ಹೆಣದ ಹಲಗೆಯಾಗಿಹೋಯಿತು. ಅಂಗಳದಲ್ಲಿ ಅವ್ವ ಪೊರಕೆ ನಿಲ್ಲಿಸಿ ತಲೆ ತಗ್ಗಿಸಿದಳು. ಗೇಟಿನಲ್ಲಿ ಎಗರಿಸುವಾಗ ತಗ್ಗಿಸುತ್ತಾಳಲ್ಲ, ಹಾಗೆ.

ನಾನು ಅಣ್ಣನ ಸೊಂಟದಿಂದ ಕೊಕ್ಕೆ ಎಳೆದುಕೊಂಡೆ. ಹನುಮಂತಪ್ಪನ ಮುಂದೆ ಹೋಗಿ ಹಾಳೆಗೆ ಚುಚ್ಚಿ ಕೆಳಗೆ ಎಳೆದೆ. ಫೈಬರ್ ಗಟ್ಟಿ. ಸುಲಭಕ್ಕೆ ಹರಿಯಲಿಲ್ಲ. ಹಲಗೆಯನ್ನು ಅವನ ಕೈಯಿಂದ ಕಿತ್ತು ನೆಲಕ್ಕೆ ಹಾಕಿ, ಬಳೆಯನ್ನು ಕಾಲಿನಿಂದ ಒತ್ತಿ ಹಿಡಿದು ಎರಡೂ ಕೈಯಲ್ಲಿ ಎಳೆದೆ. ಅಂಗೈ ಕೊಯ್ದು ರಕ್ತ ಬಂತು. ಹರಿಯಿತು.

ಅಳುತ್ತಿದ್ದ ಹೆಂಗಸರು ಸುಮ್ಮನಾದರು.

"ಏನೇ ಮಾಡ್ದೆ, ಬೋಸುಡಿ" ಅಂತ ಮಾರುತೇಶ್ ಕೈ ಎತ್ತಿದ. ಕೊಟ್ರೇಶ್ ನಡುವೆ ನಿಂತ.

"ಹೆಣ ಹೆಂಗೆ ಹೋಗ್ಬೇಕೇ ಈಗ?" ಸಾವ್ಕಾರ ಕೇಳಿದ. ಅವನ ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. ನಮ್ಮಿಂದ ಬೇಡ ಅನ್ನಿಸಿಕೊಂಡು ಅವನಿಗೆ ಅಭ್ಯಾಸ ಇರಲಿಲ್ಲ.

"ಹೊತ್ಕೊಂಡು ಹೋಗ್ರಿ. ನಾವು ದಿನಾ ಹೊರ್ತೀವಿ. ಇವತ್ತೊಂದಿನ ನೀವು ಹೊರ್ರಿ" ಅಂದೆ.

ಆ ಮುದುಕಿಯ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ. ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಳು, ಮೂಗಿಗೆ ಹತ್ತಿ. ಅವಳ ಮುಂದೆ ಇದೆಲ್ಲ ಆಗಬೇಕಾಯಿತಲ್ಲ ಅನ್ನಿಸಿತು. ಸಾವ್ಕಾರ ಮಾರುತೇಶನ ಕೈ ಹಿಡಿದು, "ಬಿಡು. ಹೆಣದ ಮುಂದೆ ಬ್ಯಾಡ. ಆಮೇಲೆ ನೋಡನ" ಅಂದ. ಉಚ್ಚಂಗೆಮ್ಮನ ವಿಮಾನ ಸದ್ದಿಲ್ಲದೆ ಹೋಯಿತು. ಜನರ ಚಪ್ಪಲಿಯ ಸಪ್ಪಳ ಮಾತ್ರ ಕೇಳುತ್ತಿತ್ತು.

ಮನೆಯಲ್ಲಿ ಅವ್ವ ನನ್ನ ಜಡೆ ಹಿಡಿದು ಹೊಡೆದಳು. "ಎಷ್ಟು ವರ್ಸ ಎಗರೀನಿ ಗೊತ್ತೇನೇ ನಿನ್ನ ಓದ್ಸಾಕೆ? ಇದಕ್ಕೇನೇ ಓದಿದ್ದು? ನಾಳೆ ಯಾರು ಒಲೆ ಹಚ್ತಾರೆ? ನಿನ್ನ ಹಾಡಾ?" ಹೊಡೆದು ಸಾಕಾಗಿ ನನ್ನ ಅಂಗೈಗೆ ಅರಿಶಿನ ಹಚ್ಚಿದಳು. ಹಚ್ಚುತ್ತಲೇ ಬೈದಳು. ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

ಅಣ್ಣ ಹೊರಗಿನ ಕಲ್ಲಿನ ಮೇಲೆ ಹರಿದ ಹಲಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕರೆದರೆ ತಿರುಗಲಿಲ್ಲ. ಊಟಕ್ಕೂ ಬರಲಿಲ್ಲ.

ಅಪ್ಪ ನನ್ನ ಹತ್ತಿರ ಬಂದು ಕೂತ. ಶಹಬ್ಬಾಸ್ ಅನ್ನುತ್ತಾನೆ ಅಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ಅವನು ಹೇಳಿದ್ದೇ ಬೇರೆ.

"ನಾನು ಸುಟ್ಟಿದ್ದು ನಿಮ್ಮಜ್ಜನ ಹಲಗೆ. ಕೇಳದೆ ತಗಂಡೋಗಿ ಸುಟ್ಟೆ. ಆಮೇಲೆ ನನ್ನ ಜೊತೆ ಮಾತು ಬಿಟ್ಟ. ಸಾಯೋ ಮುಂದೆನೂ ಆಡ್ಲಿಲ್ಲ."

"ಮತ್ತೆ ನೀನು ತಪ್ಪು ಮಾಡ್ದೆ ಅಂತೀಯಾ?"

"ಇಲ್ಲ. ಸುಡಬೇಕಿತ್ತು, ಸುಟ್ಟೆ. ಆದ್ರೆ ಅವನಿಗಿದ್ದಿದ್ದು ಅದೊಂದೇ ಕಣವ್ವ." ಅಪ್ಪ ಹೊರಗೆ ಅಣ್ಣನ ಬೆನ್ನು ನೋಡುತ್ತ ಹೇಳಿದ. ನನಗೆ ಕೆಲಸದ ಚಿಂತೆ ಹೋಗಿ, ಅಣ್ಣನೂ ನನ್ನ ಜೊತೆ ಮಾತು ಬಿಡುತ್ತಾನೇನೋ ಅನ್ನುವ ಭಯ ಹಿಡಿಯಿತು.

ಬೆಳಿಗ್ಗೆ ಎಲ್ಲರೂ ಗೋಡೌನಿಗೆ ಹೋದೆವು. ಮಾರುತೇಶ್ ಗೇಟಿನಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ಬಿಟ್ಟ. ಹನುಮಂತಪ್ಪ ನನ್ನನ್ನು ನೋಡದೆ ಹೋದ. ಸಂಧ್ಯಾರಾಣಿ ನನ್ನ ತೋಳು ಮುಟ್ಟಿ ಹೋದಳು. ಅವ್ವ ಗೇಟಿನ ಹತ್ತಿರ ನಿಂತಳು. "ಹೋಗವ್ವ" ಅಂದೆ. ಹೋದಳು. ಮಾರುತೇಶ್ ನನಗೂ ಕೊಟ್ರೇಶನಿಗೂ ಕೈ ಅಡ್ಡ ಇಟ್ಟ. ಅಣ್ಣನಿಗೆ ಇಡಲಿಲ್ಲ.

"ಸಾವ್ಕಾರ್ರು ದೊಡ್ಡ ಮನಸು ಮಾಡ್ಯಾರೆ ಕಣೋ. ನಿಂದೇನೂ ತಪ್ಪಿಲ್ವಂತೆ. ನೀನು ಹಲಗೆ ತಗಂಡು ಬಂದಿದ್ದೆ, ಹರಿದಾಕಿ ಇವಳು. ಮೇಸ್ತ್ರಿ ಮಾತು ಹಂಗೇ ಐತೆ. ಅವ್ರ ಅವ್ವನ ದಿನದ ಕಾರ್ಯಕ್ಕೆ ಬಾರ್ಸಾಕೆ ಹೊಸ ಹಲಗೆ ಅವ್ರೇ ಕೊಡಿಸ್ತಾರೆ. ತಪ್ಪಾತು ಅಂತ ಒಂದು ಮಾತು ಹೇಳಿ ಒಳಗೆ ನಡಿ."

ಅಣ್ಣ ನೆಲ ನೋಡುತ್ತಿದ್ದ. ಅವನ ಹೆಗಲು, ಅವನ ಹೆಂಡತಿ, ಅವನ ಹಲಗೆ. ಅವನು ಒಳಗೆ ಹೋಗಿದ್ದರೆ ನಾನು ಬೈಯುತ್ತಿರಲಿಲ್ಲ. ಹೋಗಲಿ ಎಂದೇ ಒಂದು ಗಳಿಗೆ ಅನ್ನಿಸಿತು.

"ಹರಿದಿದ್ದು ಅವಳಲ್ಲ" ಅಂದ ಅಣ್ಣ. "ನಾನು."

"ಏಯ್, ಊರೇ ನೋಡೈತಲ್ಲೋ, ಇವಳೇ ಕೊಕ್ಕೆ ತಗಂಡು..."

"ಕೊಕ್ಕೆ ನಂದು. ಹಲಗೆ ನಂದು. ಹರಿದಿದ್ದು ನಾನು. ಸಾವ್ಕಾರ್ರಿಗೆ ಹಂಗೇ ಹೇಳು."

ಸೊಂಟದ ಕೊಕ್ಕೆ ತೆಗೆದು ಗೇಟಿಗೆ ಸಿಕ್ಕಿಸಿದ. ಮಾರುತೇಶ್ ಅವನನ್ನು ನೋಡಿದ, ಕೊಕ್ಕೆಯನ್ನು ನೋಡಿದ, ಗೇಟು ಎಳೆದು ಚಿಲಕ ಹಾಕಿಕೊಂಡ.

ಮೂವರೂ ರಸ್ತೆಗೆ ಬಂದೆವು. ದಾವಣಗೆರೆಯ ಬಸ್ಸು ನಿಲ್ಲುವ ಕಡೆ ಅಣ್ಣ ಹೋಗತೊಡಗಿದ.

"ಎಲ್ಲಿಗೆ ಹೊಂಟ್ಯೋ?" ಕೊಟ್ರೇಶ್ ಕೇಳಿದ.

"ಫೈಬರ್ ತರಾಕೆ."

ಆಮೇಲೆ ನನ್ನ ಕಡೆ ತಿರುಗಿದ. ನಿನ್ನೆಯಿಂದ ಮೊದಲ ಸಲ ನನ್ನ ಜೊತೆ ಮಾತಾಡಿದ.

"ಎರಡು ತರಾನ. ಒಂದು ನೀನು ಹರೀತೀಯ."

ನನಗೆ ಅಳು ಬಂತು, ರಸ್ತೆಯಲ್ಲೇ ಅತ್ತೆ. ಗೋಡೌನಿನ ಒಳಗಿನಿಂದ ಅವ್ವ ಗುಡಿಸುವ ಸದ್ದು ಕೇಳುತ್ತಿತ್ತು.